ಚಿನ್ನ ಹೋಯ್ತು, ಕರೆಂಟು ಉಳೀತು

ನಯಾಗರಾ ನೋಡೋಕೆ ಹೋದ ಕನ್ನಡಿಗರು ಒಂದು ಮಾತು ಅಂದೇ ಅನ್ನುತ್ತಾರೆ: “ನಮ್ಮ ಜೋಗಾನೂ ಹೀಗೇ ಅಲ್ವಾ?” ನಾನೂ ಅಂದಿದ್ದೆ. ಆದರೆ ನಯಾಗರಾಕ್ಕೆ ಹೋಲಿಸಬೇಕಾದದ್ದು ಜೋಗವನ್ನಲ್ಲ, ಶಿವನಸಮುದ್ರವನ್ನು. ಯಾಕೆ ಅಂತ ಹೇಳ್ತೀನಿ ಕೇಳಿ.

1896ರಲ್ಲಿ ನಯಾಗರಾದ ವಿದ್ಯುತ್ತು ಬಫಲೋ ನಗರಕ್ಕೆ ಹರಿಯಿತು. ದೂರ ಸುಮಾರು 40 ಕಿ.ಮೀ. ಆರೇ ವರ್ಷದ ನಂತರ, 1902ರ ಜೂನ್ 30ರಂದು, ಶಿವನಸಮುದ್ರದಲ್ಲಿ ಕಾವೇರಿಯಿಂದ ತೆಗೆದ ವಿದ್ಯುತ್ತು ಕೋಲಾರದ ಚಿನ್ನದ ಗಣಿ ತಲುಪಿತು. ದೂರ ಸುಮಾರು 147 ಕಿ.ಮೀ! ಆ ಕಾಲಕ್ಕೆ ಅದು ಜಗತ್ತಿನ ಅತಿ ಉದ್ದದ ವಿದ್ಯುತ್ ಲೈನುಗಳಲ್ಲಿ ಒಂದು.

ಬೆಂಗಳೂರಿಗೂ ಮೊದಲು ಗಣಿಗೇ ಯಾಕೆ? 1880ರಿಂದ ಅಲ್ಲಿ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿಯ ಆಡಳಿತ. 1894ರ ಹೊತ್ತಿಗೆ ಬೌರಿಂಗ್‌ಪೇಟೆಯಿಂದ, ಅಂದರೆ ಇಂದಿನ ಬಂಗಾರಪೇಟೆಯಿಂದ, ರೈಲೂ ಬಂತು. ಆದರೆ ಆಳದ ನೀರೆತ್ತಲು, ಅದಿರು ಪುಡಿ ಮಾಡಲು ಉಗಿಯಂತ್ರಗಳೇ ಗತಿ. ಅವುಗಳ ಹೊಟ್ಟೆಗೆ ದೂರದಿಂದ ತಂದ ಕಲ್ಲಿದ್ದಲು ಸುರಿಯಬೇಕು.

ದಿವಾನ್ ಶೇಷಾದ್ರಿ ಅಯ್ಯರ್ ಇಲ್ಲೊಂದು ಜಾಣ ಲೆಕ್ಕ ಹಾಕಿದರು. ಕೆನಡಾ ಮೂಲದ ಎಂಜಿನಿಯರ್ ಜೋಲಿ ದ ಲೋಟ್ಬಿನಿಯೇರ್ ಯುರೋಪ್, ಅಮೆರಿಕಾ ಸುತ್ತಿ ತಂತ್ರಜ್ಞಾನ ನೋಡಿ ಬಂದರು. ಜನರೇಟರು ಅಮೆರಿಕಾದ ಜನರಲ್ ಎಲೆಕ್ಟ್ರಿಕ್‌ನದು, ಟರ್ಬೈನು ಸ್ವಿಟ್ಜರ್ಲೆಂಡಿನದು. ಆದರೆ ದುಡ್ಡು ಹಾಕಿದ್ದು ಮೈಸೂರು ಸರ್ಕಾರ. ವಿದೇಶಿ ಕಂಪನಿ ಇಲ್ಲಿ ಒಡೆಯ ಅಲ್ಲ, ಗಿರಾಕಿ. ದೊಡ್ಡ ಗಿರಾಕಿ ಖಚಿತವಾದ್ದರಿಂದಲೇ ಅಷ್ಟು ದೊಡ್ಡ ಖರ್ಚಿಗೆ ಧೈರ್ಯ ಬಂತು. ವಿದ್ಯುತ್ತು ಹರಿಯುವುದನ್ನು ನೋಡಲು ಅಯ್ಯರ್ ಉಳಿಯಲಿಲ್ಲ, 1901ರಲ್ಲೇ ತೀರಿಕೊಂಡರು.

ಮುಂದೆ ಏನಾಯ್ತು ನೋಡಿ. 1905ರ ಆಗಸ್ಟ್‌ನಲ್ಲಿ ಅದೇ ವಿದ್ಯುತ್ತಿನಿಂದ ಬೆಂಗಳೂರಿನ ಬೀದಿದೀಪ ಹೊತ್ತಿತು. ಬೇಸಿಗೆಯಲ್ಲಿ ಹೊಳೆ ಇಳಿದರೆ ವಿದ್ಯುತ್ತೂ ಇಳಿಯುತ್ತಿತ್ತು. 1911ರಲ್ಲಿ ಕನ್ನಂಬಾಡಿ ಕಟ್ಟೆಯ ಕೆಲಸ ಶುರುವಾಗಲು ಇದೂ ಒಂದು ಕಾರಣ. ಮಂಡ್ಯದ ಗದ್ದೆಗಳಿಗೆ ನೀರು ಬಂದದ್ದು ಆ ಕಟ್ಟೆಯಿಂದಲೇ. ಗಣಿಗೆಂದು ಮಾಡಿದ ಕೆಲಸ ರೈತನ ಹೊಲಕ್ಕೂ ಹರಿಯಿತು.

ಚಿನ್ನದ ಕಥೆಯೇ ಬೇರೆ. ನಾಡಿಗೆ ಸಿಕ್ಕಿದ್ದು ಅದರ ರಾಜಧನ; ಲಾಭ ಲಂಡನ್ನಿನ ಷೇರುದಾರರಿಗೆ. 1956ರಲ್ಲಿ ಗಣಿ ರಾಷ್ಟ್ರೀಕರಣವಾಯಿತು, 2001ರಲ್ಲಿ ಮುಚ್ಚಿತು. ತಲೆಮಾರುಗಳಿಂದ ಪಾತಾಳಕ್ಕಿಳಿದು ದುಡಿದವರ ಮಕ್ಕಳು ಈಗ ಬೆಳಿಗ್ಗೆ ರೈಲು ಹತ್ತಿ ಬೆಂಗಳೂರಿಗೆ ಕೆಲಸಕ್ಕೆ ಬರ್ತಾರೆ. ಊರಿನ ಪಾಲಿಗೆ ಸಯನೈಡ್ ಮಣ್ಣಿನ ಗುಡ್ಡಗಳು ಉಳಿದಿವೆ.

ನನ್ನ ಕೆಲಸ ಡೇಟಾ. ರೈಲು, ವಿದ್ಯುತ್ತು, ತಂತ್ರಜ್ಞಾನ, ವಿದೇಶಿ ಬಂಡವಾಳ ಅಂತ ನಾಲ್ಕು ಕಾಲಮ್ ಮಾಡಿದರೆ, ಗಣಿಯಲ್ಲಿ ನಾಲ್ಕೂ ಇದ್ದವು. ವ್ಯತ್ಯಾಸ ಮಾಡಿದ್ದು ಐದನೇ ಕಾಲಮ್: ಆಸ್ತಿ ಯಾರ ಹೆಸರಲ್ಲಿತ್ತು? ಬೆಳವಣಿಗೆಯ ಗ್ರಾಫ್‌ನಲ್ಲಿ ಅದು ಸಾಮಾನ್ಯವಾಗಿ ಕಾಣಿಸೋದಿಲ್ಲ.

ಪರದೇಶದಲ್ಲಿ ಕೂತು ಊರಲ್ಲಿ ದುಡ್ಡು ಹೂಡುವವರು ಈಗ ನಮ್ಮಲ್ಲೂ ಇದ್ದಾರೆ. ಹೂಡುವ ಮುಂಚೆ ಒಮ್ಮೆ ಕೇಳಿಕೊಳ್ಳಿ: ಕಂಪನಿ ಬಾಗಿಲು ಹಾಕಿದ ಮಾರನೇ ದಿನ ಊರಿಗೆ ಏನು ಉಳಿಯುತ್ತೆ?