ನೇರ ದಾರಿಯ ವೇಗ, ತಿರುವಿನ ವಿವೇಕ: ಮಸಲ್ ಕಾರಿನ ಸಸ್ಪೆನ್ಷನ್ ನಡೆದುಬಂದ ಹಾದಿ



ಮಿಶಿಗನ್ನಿನಲ್ಲಿ ನೆಲೆಸಿರುವ ನಮಗೆ ಆಗಸ್ಟ್ ತಿಂಗಳ ವುಡ್‌ವರ್ಡ್ ಅವೆನ್ಯೂ ಹೊಸದೇನಲ್ಲ. ಡೆಟ್ರಾಯ್ಟ್‌ನಿಂದ ಪಾಂಟಿಯಾಕ್ ನಗರದವರೆಗೆ ಚಾಚಿಕೊಂಡಿರುವ ಆ ರಸ್ತೆಯಲ್ಲಿ ಅರವತ್ತರ ದಶಕದ ಕಾರುಗಳು ಸಾಲುಗಟ್ಟಿ ಸಾಗುವುದನ್ನು ಮಕ್ಕಳೊಡನೆ ನಿಂತು ನೋಡಿದವರು ನಮ್ಮಲ್ಲಿ ಅನೇಕರು. ಫರ್ನ್‌ಡೇಲ್ ಊರಿನಲ್ಲಿ ಒಂದು ಸಾಕರ್ ಮೈದಾನಕ್ಕೆ ಹಣ ಕೂಡಿಸುವ ಸಲುವಾಗಿ 1995ರಲ್ಲಿ ಆರಂಭವಾದ ಈ 'ಡ್ರೀಮ್ ಕ್ರೂಸ್' ಇಂದು ಈ ಪ್ರದೇಶದ ದೊಡ್ಡ ಜಾತ್ರೆಯಾಗಿದೆ. ಇಲ್ಲಿಯೇ ಹುಟ್ಟಿ ಬೆಳೆದ ನಮ್ಮ ಮಕ್ಕಳಲ್ಲಿ ಕೆಲವರಿಗೆ ನೋಡುವುದಷ್ಟೇ ಸಾಲದು. ಹಳೆಯ ಮಸ್ಟಾಂಗ್ ಅಥವಾ ಕಮಾರೊ ಒಂದನ್ನು ಕೊಂಡು, ಗ್ಯಾರೇಜಿನಲ್ಲಿ ಬಿಚ್ಚಿ ಜೋಡಿಸಿ, ನಿತ್ಯ ರಸ್ತೆಯಲ್ಲಿಯೂ ಓಡಿಸಬೇಕು, ರಜಾದಿನದಲ್ಲಿ ಡ್ರ್ಯಾಗ್ ರೇಸಿಗೂ ಒಯ್ಯಬೇಕು ಎಂಬುದು ಅವರ ಹಂಬಲ. ಈ ಎರಡು ಆಸೆಗಳನ್ನು ಒಂದೇ ಕಾರಿನಲ್ಲಿ ಕೂಡಿಸುವುದು ಏಕೆ ಕಷ್ಟವಾಯಿತು, ಅದನ್ನು ಎಂಜಿನಿಯರುಗಳು ಹೇಗೆ ಕಲಿತರು ಎಂಬುದೇ ಈ ಲೇಖನದ ವಸ್ತು. ವೈದ್ಯನೊಬ್ಬ ಇದನ್ನು ಬರೆಯುತ್ತಿರುವುದೇಕೆಂಬುದು ಮುಂದೆ ತಾನಾಗಿ ತಿಳಿಯುವುದು.

ಶಕ್ತಿ ಮೊದಲು ಬಂದಿತು

ಮಸಲ್ ಕಾರುಗಳ ಯುಗವನ್ನು ಸಾಮಾನ್ಯವಾಗಿ 1964ರ ಪಾಂಟಿಯಾಕ್ ಜಿಟಿಒ ಕಾರಿನಿಂದ ಎಣಿಸುತ್ತಾರೆ. ಮಧ್ಯಮ ಗಾತ್ರದ ಕಾರಿಗೆ 330 ಘನ ಅಂಗುಲಕ್ಕಿಂತ ದೊಡ್ಡ ಎಂಜಿನ್ ಸಲ್ಲದೆಂಬುದು ಜನರಲ್ ಮೋಟರ್ಸ್ ಸಂಸ್ಥೆಯ ನಿಯಮವಾಗಿತ್ತು. ಪಾಂಟಿಯಾಕ್ ವಿಭಾಗದ ಮುಖ್ಯ ಎಂಜಿನಿಯರ್ ಜಾನ್ ಡಿಲೋರಿಯನ್ ಮತ್ತು ಸಂಗಡಿಗರು 389 ಘನ ಅಂಗುಲದ ವಿ-8 ಎಂಜಿನನ್ನು ಹೊಸ ಮಾದರಿಯೆಂದು ಕರೆಯದೆ, ಗ್ರಾಹಕರು ಬಯಸಿದರೆ ಕೊಳ್ಳಬಹುದಾದ ಹೆಚ್ಚುವರಿ ಸೌಕರ್ಯವೆಂಬ ಹೆಸರಿನಲ್ಲಿ ಸೇರಿಸಿ ಆ ನಿಯಮದ ಸಂದಿಯಲ್ಲಿ ನುಸುಳಿದರು. ಮೊದಲ ವರ್ಷವೇ 32,450 ಕಾರುಗಳು ಮಾರಾಟವಾದವು.

325 ಅಶ್ವಶಕ್ತಿಯ ಈ ಕಾರಿನ ನಾಲ್ಕು ಚಕ್ರಗಳಿಗೂ ಡ್ರಮ್ ಬ್ರೇಕುಗಳೇ ಇದ್ದವು. ಸಸ್ಪೆನ್ಷನ್, ಎಂದರೆ ಚಕ್ರಗಳನ್ನು ಗಾಡಿಗೆ ಜೋಡಿಸಿ ನೆಲದ ಮೇಲೆ ಊರಿಸಿಡುವ ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್ ಹಾಗೂ ತೋಳುಗಳ ಏರ್ಪಾಡು, ತುಸು ಗಟ್ಟಿಗೊಂಡಿದ್ದರೂ ಮೂಲತಃ ಸಂಸಾರಸ್ಥರ ಕಾರಿನದೇ ಆಗಿತ್ತು. ಮೊದಲು ಬಲ, ಆಮೇಲೆ ಹಿಡಿತ ಎಂಬ ಈ ಕ್ರಮವೇ ಮುಂದಿನ ಕಥೆಯ ಬೀಜ.

ನೇರ ಓಟದ ಶಾಸ್ತ್ರ

ಡ್ರ್ಯಾಗ್ ರೇಸ್ ಎಂದರೆ ನಿಂತ ನಿಲುವಿನಿಂದ ಹೊರಟು ಕಾಲು ಮೈಲಿ, ಅಂದರೆ ಸುಮಾರು 402 ಮೀಟರ್, ನೇರವಾಗಿ ಓಡುವ ಪಂದ್ಯ. ಬೀದಿಗಳಲ್ಲಿ ನಡೆಯುತ್ತಿದ್ದ ಈ ಪೈಪೋಟಿಯನ್ನು ನಿಯಮಬದ್ಧ ಮೈದಾನಗಳಿಗೆ ತರಲೆಂದು ವಾಲಿ ಪಾರ್ಕ್ಸ್ 1951ರಲ್ಲಿ ನ್ಯಾಷನಲ್ ಹಾಟ್ ರಾಡ್ ಅಸೋಸಿಯೇಷನ್ ಸ್ಥಾಪಿಸಿದರು. ಅದರ ರಾಷ್ಟ್ರೀಯ ಪಂದ್ಯಗಳು 1959 ಮತ್ತು 1960ರಲ್ಲಿ ನಮ್ಮ ಡೆಟ್ರಾಯ್ಟ್ ಡ್ರ್ಯಾಗ್‌ವೇಯಲ್ಲಿಯೇ ಜರುಗಿದವು.

ಆ ಕಾಲದಲ್ಲಿಯೇ ಕ್ರೈಸ್ಲರ್ ಸಂಸ್ಥೆಯ ಕೆಲವು ಎಂಜಿನಿಯರುಗಳು 'ರಾಮ್‌ಚಾರ್ಜರ್ಸ್' ಎಂಬ ಕೂಟ ಕಟ್ಟಿಕೊಂಡು, 1949ರ ಪ್ಲಿಮತ್ ಕಾರೊಂದನ್ನು ವಿಚಿತ್ರವಾಗಿ ಎತ್ತರಿಸಿ ಓಡಿಸಿದರು. 'ಹೈ ಅಂಡ್ ಮೈಟಿ' ಎಂದು ಹೆಸರಾದ ಆ ಕಾರಿನ ಎತ್ತರಕ್ಕೆ ಕಾರಣವಿತ್ತು. ಕಾರು ಮುನ್ನುಗ್ಗುವಾಗ ಭಾರ ಹಿಂದಿನ ಚಕ್ರಗಳ ಮೇಲೆ ಸರಿಯುತ್ತದೆ. ಗುರುತ್ವಕೇಂದ್ರ ಎತ್ತರವಾದಷ್ಟೂ ಸರಿಯುವ ಭಾರ ಹೆಚ್ಚು. ಹಿಂದಿನ ಟೈರುಗಳ ಮೇಲೆ ಭಾರ ಹೆಚ್ಚಿದಷ್ಟೂ ಹಿಡಿತ ಹೆಚ್ಚು. ಉದಾಹರಣೆಗೆ, 1600 ಕಿಲೋ ತೂಕದ ಕಾರಿನ ಗುರುತ್ವಕೇಂದ್ರ ನೆಲದಿಂದ 55 ಸೆಂಟಿಮೀಟರ್ ಮೇಲಿದ್ದು, ಮುಂದಿನ ಹಾಗೂ ಹಿಂದಿನ ಚಕ್ರಗಳ ನಡುವಣ ಅಂತರ 2.9 ಮೀಟರ್ ಇದೆಯೆನ್ನೋಣ. ಗುರುತ್ವದ ಶೇಕಡ 60ರಷ್ಟು ವೇಗೋತ್ಕರ್ಷದಲ್ಲಿ ಅದು ಹೊರಟರೆ ಸುಮಾರು 180 ಕಿಲೋ ಭಾರ ಮುಂದಿನಿಂದ ಹಿಂದಕ್ಕೆ ಹೋಗುತ್ತದೆ.

ಇನ್ನೊಂದು ತೊಡಕೂ ಇತ್ತು. ಎಂಜಿನ್ನಿನ ತಿರುಚುಬಲ ಹಿಂಬದಿಯ ಆಕ್ಸಲ್ಲಿಗೆ ತಲುಪಿದಾಗ ಎಡ ಟೈರು ನೆಲಕ್ಕೊತ್ತಿಕೊಳ್ಳುತ್ತದೆ, ಬಲ ಟೈರು ಹಗುರಾಗುತ್ತದೆ. ನಮ್ಮೂರಿನ ಲಾರಿಗಳ ಹಿಂದೆ ಒಂದರ ಮೇಲೊಂದು ಪೇರಿಸಿ ಕಟ್ಟಿರುವ ಉಕ್ಕಿನ ಪಟ್ಟಿಗಳನ್ನು ಕಂಡಿರುವಿರಲ್ಲವೇ? ಅದೇ ಲೀಫ್ ಸ್ಪ್ರಿಂಗು. ಆಕ್ಸಲ್ ತಿರುಚಿದಾಗ ಈ ಪಟ್ಟಿಗಳು ಇಂಗ್ಲಿಷಿನ 'ಎಸ್' ಅಕ್ಷರದಂತೆ ಬಾಗಿ, ಮತ್ತೆ ಸಡಿಲಿ, ಮತ್ತೆ ಬಾಗುತ್ತವೆ. ಚಕ್ರ ನೆಲದ ಮೇಲೆ ಕುಪ್ಪಳಿಸುತ್ತದೆ. ಇದನ್ನು ತಡೆಯಲು ಕ್ರೈಸ್ಲರ್ ಆಕ್ಸಲ್ಲನ್ನು ಪಟ್ಟಿಯ ನಡುವಿಗಿಂತ ಮುಂದಕ್ಕೆ ಕೂರಿಸಿ, ಮುಂದಿನ ತುಂಡನ್ನು ಗಿಡ್ಡವಾಗಿಯೂ ಬಿಗಿಯಾಗಿಯೂ ಇರಿಸಿತು. ಪಂದ್ಯದವರಿಗಾಗಿ ಮಾಡಿದ 'ಸೂಪರ್ ಸ್ಟಾಕ್' ಸ್ಪ್ರಿಂಗುಗಳಲ್ಲಿ ಬಲಬದಿಯದು ಎಡಬದಿಯದಕ್ಕಿಂತ ಭಿನ್ನವಾಗಿತ್ತು. ಮುಂಭಾಗಕ್ಕೆ '90/10' ಶಾಕ್‌ಗಳು ಬಂದವು: ಮೂತಿ ಸರಾಗವಾಗಿ ಮೇಲೇಳುತ್ತದೆ, ಇಳಿಯುವಾಗ ತಡೆತಡೆದು ಇಳಿಯುತ್ತದೆ. ಕ್ರೈಸ್ಲರ್ 1965ರಲ್ಲಿ ಕೆಲವು ಪಂದ್ಯದ ಕಾರುಗಳ ಹಿಂದಿನ ಚಕ್ರಗಳನ್ನು 15 ಅಂಗುಲ, ಮುಂದಿನವನ್ನು 10 ಅಂಗುಲ ಮುಂದಕ್ಕೆ ಸರಿಸಿತು. ಆ ವಿಲಕ್ಷಣ ರೂಪದಿಂದಲೇ 'ಫನಿ ಕಾರ್' ಎಂಬ ಹೆಸರು ಹುಟ್ಟಿತು.

ತಿರುವಿನ ಶಾಸ್ತ್ರ

ತಿರುವಿನಲ್ಲಿ ಈ ಲೆಕ್ಕವೆಲ್ಲ ತಲೆಕೆಳಗಾಗುತ್ತದೆ. ನೇರ ಓಟದಲ್ಲಿ ಮಿತ್ರನಾದ ಎತ್ತರದ ಗುರುತ್ವಕೇಂದ್ರ ಇಲ್ಲಿ ಶತ್ರು. ಅದು ಭಾರವನ್ನು ಹೊರಬದಿಯ ಟೈರುಗಳ ಮೇಲೆ ತಳ್ಳುತ್ತದೆ. ಬಲಕ್ಕೊಂದು ಎಡಕ್ಕೊಂದು ಬಗೆಯ ಸ್ಪ್ರಿಂಗ್ ಇದ್ದರೆ ಕಾರು ಬಲತಿರುವಿನಲ್ಲಿ ಒಂದು ಬಗೆ, ಎಡತಿರುವಿನಲ್ಲಿ ಇನ್ನೊಂದು ಬಗೆಯಾಗಿ ವರ್ತಿಸುತ್ತದೆ. 90/10 ಶಾಕ್‌ಗಳಿದ್ದರೆ ಮೂತಿ ತೇಲಾಡಿ ಸ್ಟಿಯರಿಂಗ್ ಮಾತು ಕೇಳುವುದಿಲ್ಲ. ಕುಪ್ಪಳಿಕೆ ತಡೆಯಲು ಬಿಗಿದ ಟ್ರ್ಯಾಕ್ಷನ್ ಬಾರುಗಳು ತಿರುವಿನಲ್ಲಿ ಆಕ್ಸಲ್ಲಿನ ಸಹಜ ಚಲನೆಯನ್ನು ಕಟ್ಟಿಹಾಕಿದರೆ, ಹಿಂಭಾಗ ಮುನ್ಸೂಚನೆಯಿಲ್ಲದೆ ಜಾರುತ್ತದೆ.

ಈ ಶಾಸ್ತ್ರವನ್ನು ಅಮೆರಿಕದ ಕಾರಿಗೆ ಒಗ್ಗಿಸಿದವರಲ್ಲಿ ಕ್ಯಾರೊಲ್ ಶೆಲ್ಬಿ ಅವರ ತಂಡ ಮುಖ್ಯವಾದುದು. 1965ರ ಶೆಲ್ಬಿ ಜಿಟಿ350 ಮಸ್ಟಾಂಗಿನಲ್ಲಿ ಮುಂದಿನ ಮೇಲ್ತೋಳಿನ ತಿರುಗಣೆಯನ್ನು ಒಂದು ಅಂಗುಲ ಕೆಳಗಿಳಿಸಿದರು. ಅಷ್ಟರಿಂದಲೇ ಕಾರು ವಾಲಿದಾಗಲೂ ಹೊರಬದಿಯ ಟೈರು ಅಂಚಿನ ಮೇಲೆ ನಿಲ್ಲದೆ ನೆಲಕ್ಕೆ ಹೆಚ್ಚು ಸಮತಟ್ಟಾಗಿ ಕೂರಲು ಸಾಧ್ಯವಾಯಿತು. ಜೊತೆಗೆ ಕೋನಿ ಶಾಕ್‌ಗಳು, ದಪ್ಪನಾದ ಸ್ವೇ ಬಾರ್, ಹಿಂದೆ ಆಕ್ಸಲ್ಲಿನ ಮೇಲಿನಿಂದ ಹಾಯುವ ಉದ್ದನೆಯ ಸರಳುಗಳು ಬಂದವು. ಸ್ವಾರಸ್ಯವೆಂದರೆ, ಅದೇ ಶೆಲ್ಬಿ ತಂಡ ಡ್ರ್ಯಾಗ್ ರೇಸಿಗೆಂದು ಬೇರೆಯೇ ಕೆಲವು ಜಿಟಿ350 ಕಾರುಗಳನ್ನು ತಯಾರಿಸಿತು. ಒಂದೇ ಕಾರು ಎರಡೂ ಕೆಲಸಗಳನ್ನು ಉತ್ತಮವಾಗಿ ಮಾಡಬಲ್ಲದೆಂಬ ಭರವಸೆ ಆಗ ಅವರಿಗೂ ಇರಲಿಲ್ಲವೆನ್ನಬಹುದು.

ಷೆವ್ರೊಲೆಯವರು 1967ರ ಕಮಾರೊವಿಗೆ ಹಿಂದೆ ಒಂದೇ ಪಟ್ಟಿಯ ಸ್ಪ್ರಿಂಗ್ ಕೊಟ್ಟರು. ಬಲವಾದ ಎಂಜಿನ್ ಇದ್ದಲ್ಲಿ ಚಕ್ರ ಕುಪ್ಪಳಿಸಿತು. ಮರುವರ್ಷ ಒಂದು ಶಾಕನ್ನು ಆಕ್ಸಲ್ಲಿನ ಮುಂದೆ, ಇನ್ನೊಂದನ್ನು ಹಿಂದೆ ನಿಲ್ಲಿಸಿ ಆ ತಿರುಚುವಿಕೆಯನ್ನು ತಗ್ಗಿಸಿದರು. ಬಿಗಿದು ಕಟ್ಟಿಹಾಕದೆ ಕುಪ್ಪಳಿಕೆಯನ್ನು ಪಳಗಿಸಬಹುದೆಂಬುದಕ್ಕೆ ಇದೊಂದು ಸರಳ ನಿದರ್ಶನ.

1966: ವೈದ್ಯರು ಮಾತಾಡಿದ ವರ್ಷ

1965ರ ನವೆಂಬರಿನಲ್ಲಿ ರಾಲ್ಫ್ ನೇಡರ್ ಅವರ 'ಅನ್‌ಸೇಫ್ ಅಟ್ ಎನಿ ಸ್ಪೀಡ್' ಪ್ರಕಟವಾಯಿತು. ಅದರ ಮೊದಲ ಅಧ್ಯಾಯದ ವಿಷಯವೇ ಸಸ್ಪೆನ್ಷನ್: ಷೆವ್ರೊಲೆ ಕಾರ್ವೇರ್ ಕಾರಿನ ಹಿಂದಿನ ಚಕ್ರಗಳು ತೀವ್ರ ತಿರುವಿನಲ್ಲಿ ಒಳಕ್ಕೆ ಮಡಚಿಕೊಳ್ಳುವವೆಂಬ ಆರೋಪ. ಆ ಕಾರು ಅದೇ ಕಾಲದ ಇತರ ಕಾರುಗಳಿಗಿಂತ ಕೆಟ್ಟದ್ದಲ್ಲವೆಂದು 1972ರ ಸರ್ಕಾರಿ ಪರಿಶೀಲನೆ ಹೇಳಿತಾದರೂ, ಚಾಲಕನಷ್ಟೇ ಅಲ್ಲ, ವಾಹನವೂ ಉತ್ತರದಾಯಿ ಎಂಬ ಮಾತು ಜನಮನದಲ್ಲಿ ನೆಲೆಯೂರಿತ್ತು.

1966ರಲ್ಲಿ ಅಮೆರಿಕದ ನ್ಯಾಷನಲ್ ಅಕಾಡೆಮಿ ಆಫ್ ಸೈನ್ಸಸ್ ಹೊರತಂದ ವರದಿಯೊಂದು ಅಪಘಾತವನ್ನು ಆಧುನಿಕ ಸಮಾಜ ಕಡೆಗಣಿಸಿದ ರೋಗವೆಂದು ಕರೆಯಿತು. ಅದರ ಪ್ರಕಾರ 1965ರಲ್ಲಿ ಎಲ್ಲ ಬಗೆಯ ಅಪಘಾತಗಳಿಂದ 1,07,000 ಜನ ಸತ್ತಿದ್ದರು. ಅವರಲ್ಲಿ 49,000 ಮಂದಿ ಮೋಟಾರು ವಾಹನಗಳಿಂದ. ಇಂದಿನ ತುರ್ತು ಚಿಕಿತ್ಸಾ ವ್ಯವಸ್ಥೆಗೆ ಬುನಾದಿ ಹಾಕಿದ ವರದಿಗಳಲ್ಲಿ ಅದು ಪ್ರಮುಖವಾದುದು. ಅದೇ ಸೆಪ್ಟೆಂಬರಿನಲ್ಲಿ ಅಧ್ಯಕ್ಷ ಜಾನ್ಸನ್ ವಾಹನ ಸುರಕ್ಷತಾ ಕಾಯಿದೆಗೆ ಸಹಿ ಹಾಕಿದರು. ಹೊಸ ಸಂಸ್ಥೆಯ ಮೊದಲ ಮುಖ್ಯಸ್ಥರಾದ ವಿಲಿಯಂ ಹ್ಯಾಡನ್ ಸ್ವತಃ ವೈದ್ಯರು. ಅಪಘಾತಕ್ಕೆ ಮುನ್ನ, ಅಪಘಾತದ ಕ್ಷಣ, ಅಪಘಾತದ ನಂತರ ಎಂದು ಮೂರು ಹಂತಗಳಾಗಿ ವಿಂಗಡಿಸಿ, ಪ್ರತಿ ಹಂತದಲ್ಲಿಯೂ ಮನುಷ್ಯ, ವಾಹನ, ಪರಿಸರಗಳನ್ನು ಪರಿಶೀಲಿಸುವ ಕ್ರಮವನ್ನು ಅವರು ಮುಂದೆ ರೂಪಿಸಿದರು.

ವೈದ್ಯನಾದ ನನ್ನ ಆಸಕ್ತಿ ಇರುವುದು ಇಲ್ಲಿಯೇ. ನಮ್ಮಂಥವರ ಕೆಲಸ ಮೂರನೆಯ ಹಂತದ್ದು. ರೋಗಿ ನಮ್ಮ ಮುಂದೆ ಬರುವ ಹೊತ್ತಿಗೆ ಮೊದಲೆರಡು ಹಂತಗಳು ಮುಗಿದಿರುತ್ತವೆ. 1964ರ ಕಾರಿನಲ್ಲಿ ಎರಡನೆಯ ಹಂತದ ರಕ್ಷಣೆ ಅತ್ಯಲ್ಪ. ಗುದ್ದಿದಾಗ ಕುಗ್ಗುವ ಸ್ಟಿಯರಿಂಗ್ ಕಂಬ ಜನರಲ್ ಮೋಟರ್ಸ್ ಕಾರುಗಳಿಗೆ ಬಂದದ್ದು 1967ರ ಮಾದರಿಗಳಲ್ಲಿ. ಮುಂದಿನ ಆಸನಗಳಿಗೆ ಭುಜಪಟ್ಟಿ ಕಡ್ಡಾಯವಾದದ್ದು 1968ರಲ್ಲಿ. ಆದಕಾರಣ ಹಳೆಯ ಕಾರಿನಲ್ಲಿ ಮೊದಲ ಹಂತಕ್ಕೆ, ಅಂದರೆ ಬ್ರೇಕು, ಟೈರು, ಸಸ್ಪೆನ್ಷನ್‌ಗಳಿಗೆ, ಎಲ್ಲಿಲ್ಲದ ಮಹತ್ವ. ಶಕ್ತಿಯನ್ನು ಹೆಚ್ಚಿಸಿ ಇವನ್ನು ಹಾಗೆಯೇ ಬಿಡುವುದು ರಕ್ತದೊತ್ತಡವನ್ನು ಏರಿಸಿ ರಕ್ತನಾಳಗಳ ಸ್ಥಿತಿಯನ್ನು ವಿಚಾರಿಸದೆ ಇದ್ದಂತೆ.

ಎರಡು ಶಾಸ್ತ್ರಗಳ ಸಂಧಾನ

ಎಪ್ಪತ್ತರ ದಶಕದ ಆರಂಭದಲ್ಲಿ ವಿಮಾ ಕಂಪನಿಗಳ ಹೆಚ್ಚಿನ ಶುಲ್ಕ, ಹೊಗೆ ನಿಯಂತ್ರಣದ ಕಾನೂನು, 1973ರ ತೈಲ ಬಿಕ್ಕಟ್ಟು ಎಲ್ಲವೂ ಸೇರಿ ಮಸಲ್ ಕಾರುಗಳ ಯುಗ ಮುಗಿಯಿತು. ಆದರೆ ಕಲಿಕೆ ಮುಗಿಯಲಿಲ್ಲ. 1971ರಲ್ಲಿ ಪಾಂಟಿಯಾಕ್ ಎಂಜಿನಿಯರ್ ಹರ್ಬ್ ಆಡಮ್ಸ್ ಮತ್ತು ಮಿತ್ರರು 1964ರ ಟೆಂಪೆಸ್ಟ್ ಕಾರೊಂದನ್ನು ಸಜ್ಜುಗೊಳಿಸಿ ಟ್ರಾನ್ಸ್-ಆ್ಯಮ್ ಪಂದ್ಯಗಳಿಗೆ ಇಳಿಸಿದರು. 'ಗ್ರೇ ಗೋಸ್ಟ್' ಎಂದು ಕರೆಸಿಕೊಂಡ ಅದು ಜಿಟಿಒ ಕಾರಿನ ಒಡಹುಟ್ಟು. ಅದೇ ಮೈಕಟ್ಟು ತಿರುವುಗಳನ್ನೂ ಗೆಲ್ಲಬಲ್ಲದೆಂದು ಅದು ತೋರಿಸಿತು. ತೊಂಬತ್ತರ ದಶಕದಲ್ಲಿ ಹಳೆಯ ಕಾರಿಗೆ ಹೊಸ ಬ್ರೇಕು, ಹೊಸ ಸಸ್ಪೆನ್ಷನ್ ಕೊಟ್ಟು ದೂರದ ಪ್ರಯಾಣಕ್ಕೆ ಅಣಿಗೊಳಿಸುವ 'ಪ್ರೊ-ಟೂರಿಂಗ್' ಎಂಬ ಪದ್ಧತಿಯೇ ಬೆಳೆಯಿತು.

ಸಂಧಾನ ಸಾಧ್ಯವಾದದ್ದು ಮುಖ್ಯವಾಗಿ ಎರಡು ಸಾಧನಗಳಿಂದ. ಮೊದಲನೆಯದು ಜ್ಯಾಮಿತಿ. ಹಿಂದಿನ ತೋಳುಗಳ ಕೋನವನ್ನು ಸರಿಯಾಗಿ ಹೊಂದಿಸಿದರೆ, ಕಾರು ಹೊರಡುವಾಗ ಆ ತೋಳುಗಳೇ ಟೈರನ್ನು ನೆಲಕ್ಕೊತ್ತುತ್ತವೆ. ಅದಕ್ಕಾಗಿ ಕಾರನ್ನು ಎತ್ತರಿಸಬೇಕಿಲ್ಲ. ಎರಡನೆಯದು ಹೊಂದಿಸಬಹುದಾದ ಶಾಕ್. ಅದು ಚಾಚಿಕೊಳ್ಳುವ ವೇಗವನ್ನೂ ಕುಗ್ಗುವ ವೇಗವನ್ನೂ ಬೇರೆಬೇರೆಯಾಗಿ ತಿರುಪಿ ಗೊತ್ತುಮಾಡಬಹುದು. ಪಂದ್ಯಕ್ಕೆ ಒಂದು ಅಳತೆ, ಮನೆಗೆ ಮರಳಲು ಇನ್ನೊಂದು. ಹಿಂಬದಿಯ ಸ್ವೇ ಬಾರ್ ಕೂಡ ಹೊರಡುವಾಗ ಮೈ ತಿರುಚುವುದನ್ನೂ ತಿರುವಿನಲ್ಲಿ ವಾಲುವುದನ್ನೂ ಏಕಕಾಲಕ್ಕೆ ತಡೆಯುತ್ತದೆ. 2005ರಲ್ಲಿ 'ಹಾಟ್ ರಾಡ್' ಪತ್ರಿಕೆ ಆರಂಭಿಸಿದ 'ಡ್ರ್ಯಾಗ್ ವೀಕ್' ಈ ಸಂಧಾನದ ಬಹಿರಂಗ ಪರೀಕ್ಷೆ: ಐದು ದಿನ, ಹಲವು ಪಂದ್ಯದ ಮೈದಾನಗಳು, ನಡುವೆ ಸುಮಾರು ಸಾವಿರ ಮೈಲಿ ಸಾಮಾನ್ಯ ರಸ್ತೆಯ ಪ್ರಯಾಣ, ಎಲ್ಲವೂ ಒಂದೇ ಕಾರಿನಲ್ಲಿ.

ನಮ್ಮ ಮಕ್ಕಳಿಗೆ ಈ ಇತಿಹಾಸದ ಪಾಠ

ಇತಿಹಾಸ ನಡೆದದ್ದು ಬಲದಿಂದ ಹಿಡಿತದ ಕಡೆಗೆ. ನಮ್ಮ ಗ್ಯಾರೇಜುಗಳಲ್ಲಿ ಕೆಲಸ ನಡೆಯಬೇಕಾದದ್ದು ಅದಕ್ಕೆ ವಿರುದ್ಧ ಕ್ರಮದಲ್ಲಿ. ಮೊದಲು ಸವೆದ ಬುಶ್‌ಗಳು, ಬಾಲ್ ಜಾಯಿಂಟುಗಳು, ಸ್ಟಿಯರಿಂಗ್ ಕೀಲುಗಳು. ಬಳಿಕ ಬ್ರೇಕು ಮತ್ತು ಟೈರು. ಅನಂತರ ಮುಂದಿನ ಚಕ್ರಗಳ ಜ್ಯಾಮಿತಿ, ಹಿಂದಿನ ತೋಳುಗಳು, ಸ್ವೇ ಬಾರ್, ಶಾಕ್. ಕಾರನ್ನು ತಗ್ಗಿಸಿದರೆ ಹಿಂದಿನ ತೋಳುಗಳ ಕೋನವೂ ಬದಲಾಗುವುದರಿಂದ, ಅದನ್ನು ಮತ್ತೆ ಸರಿಪಡಿಸುವುದನ್ನು ಮರೆಯಬಾರದು. ಎಂಜಿನ್ನಿನ ಸರದಿ ಕೊನೆಯದು. ಪಂದ್ಯಕ್ಕೆಂದು ತಿರುಪಿದ ಶಾಕನ್ನು ಮೈದಾನದ ಗೇಟು ದಾಟುವ ಮುನ್ನ ರಸ್ತೆಯ ಅಳತೆಗೆ ಮರಳಿ ತಿರುಪಬೇಕು. ಪಂದ್ಯದ ನುಣುಪು ಟೈರುಗಳನ್ನು ಮಳೆಯಲ್ಲಿ ಮನೆಯತನಕ ಓಡಿಸಬಾರದು. ಸ್ಪರ್ಧೆ ಮೈದಾನದಲ್ಲಿಯೇ ಇರಲಿ. ವುಡ್‌ವರ್ಡ್‌ನಂತಹ ಬೀದಿಯಲ್ಲಿ ಬೇಡ.

ನಮ್ಮ ಕೂಟದಲ್ಲಿ ಕಾರು ಉದ್ಯಮದ ಎಂಜಿನಿಯರುಗಳಿಗೆ ಕೊರತೆಯಿಲ್ಲ. ಹಳೆಯ ಕಾರು ಕೊಂಡ ತರುಣ ತರುಣಿಯರನ್ನು ಗದರಿಸಿ ಸುಮ್ಮನಾಗಿಸುವ ಬದಲು, ಒಂದು ಭಾನುವಾರ ಅವರೊಡನೆ ಜ್ಯಾಕಿನ ಪಕ್ಕದಲ್ಲಿ ಕುಳಿತು ಯಾವ ತೋಳು ಯಾವ ಕೆಲಸ ಮಾಡುತ್ತದೆಂದು ವಿವರಿಸಿದರೆ, ವೈದ್ಯರು ಮಾಡಲಾಗದ ಉಪಕಾರವನ್ನು ತಾವು ಮಾಡಿದಂತಾಗುವುದು. ಕಾಲು ಮೈಲಿಯ ಓಟ ಕೆಲವು ಸೆಕೆಂಡುಗಳಲ್ಲಿ ಮುಗಿಯುತ್ತದೆ. ಅದರಾಚೆ ಮನೆಯ ದಾರಿ ಇದೆ, ಆ ದಾರಿಯಲ್ಲಿ ತಿರುವುಗಳಿವೆ. ಎಲ್ಲರ ಪಯಣವೂ ಸುಖಕರವಾಗಲಿ.