ಕೆಜಿಗೆ ಎಷ್ಟು ಕೊಡತ್ತೆ?

ಸಿಎನ್‌ಜಿ ಕಾರು ತಗೊಂಡವರಿಗೆ ನೆಂಟರು, ಆಫೀಸಿನವರು, ಅಪಾರ್ಟ್‌ಮೆಂಟಿನ ವಾಚ್‌ಮನ್ ಎಲ್ಲರೂ ಕೇಳೋ ಪ್ರಶ್ನೆ ಒಂದೇ: ಕೆಜಿಗೆ ಎಷ್ಟು ಕೊಡತ್ತೆ? ಇದು ಇವತ್ತಿನ ಪ್ರಶ್ನೆ ಅಲ್ಲ. ಗ್ಯಾಸ್ ಎಂಜಿನ್ ಹುಟ್ಟಿದ ದಿನದಿಂದಲೂ ಜನ ಇದನ್ನೇ ಕೇಳುತ್ತಾ ಬಂದಿದ್ದಾರೆ.

1860ರಲ್ಲಿ ಪ್ಯಾರಿಸ್‌ನಲ್ಲಿ ಎಟಿಯೆನ್ ಲೆನ್ವಾರ್ ಒಂದು ಎಂಜಿನ್ ಮಾಡಿದ. ಅದು ಓಡುತ್ತಿದ್ದದ್ದು ಬೀದಿದೀಪಕ್ಕೆ ಬಳಸುತ್ತಿದ್ದ ಕಲ್ಲಿದ್ದಲ ಗ್ಯಾಸಿನಲ್ಲಿ. ಗ್ಯಾಸು, ಗಾಳಿ ಎರಡನ್ನೂ ಒಳಗೆಳೆದುಕೊಂಡು, ಒತ್ತದೆ ಹಾಗೇ ಕಿಡಿ ಹಚ್ಚುತ್ತಿತ್ತು. ಹೀಗಾಗಿ ವಿಪರೀತ ಗ್ಯಾಸ್ ಕುಡಿಯುತ್ತಿತ್ತು. 1867ರ ಪ್ಯಾರಿಸ್ ವಸ್ತುಪ್ರದರ್ಶನಕ್ಕೆ ಜರ್ಮನಿಯ ಒಟ್ಟೊ ಮತ್ತು ಲಾಂಗೆನ್ ತಂದ ಎಂಜಿನ್ ಕಿವಿಗಡಚಿಕ್ಕುವಷ್ಟು ಸದ್ದು ಮಾಡುತ್ತಿತ್ತು. ಆದರೆ ಅಳೆದು ನೋಡಿದಾಗ, ಎದುರಾಳಿಗಳ ಅರ್ಧದಷ್ಟು ಗ್ಯಾಸೂ ಅದಕ್ಕೆ ಬೇಕಾಗಿರಲಿಲ್ಲ. ಚಿನ್ನದ ಪದಕ ಅದಕ್ಕೇ ಸಿಕ್ಕಿತು. ಅಂದ್ರೆ ಆಗಲೂ ಗೆದ್ದದ್ದು ಮೈಲೇಜೇ!

1876ರಲ್ಲಿ ಒಟ್ಟೊ ಇನ್ನೊಂದು ಹೆಜ್ಜೆ ಮುಂದೆ ಹೋದ. ಉರಿಸುವ ಮೊದಲು ಗ್ಯಾಸು-ಗಾಳಿಯನ್ನು ಒತ್ತುವ ನಾಲ್ಕು ಸ್ಟ್ರೋಕಿನ ಎಂಜಿನ್ ಮಾಡಿದ. ಹೆಚ್ಚು ಒತ್ತಿದಷ್ಟೂ ಅದೇ ಇಂಧನದಿಂದ ಹೆಚ್ಚು ಕೆಲಸ. ಬೆಂಝ್‌ನ ಪೆಟ್ರೋಲ್ ಗಾಡಿ ಬಂದದ್ದು ಇದಾಗಿ ಹತ್ತು ವರ್ಷದ ಮೇಲೆ. ಹಾಗಾಗಿ ಎಂಜಿನ್ ಎಂಬ ಮನೆಗೆ ಗ್ಯಾಸೇ ಹಿರಿಮಗ, ಪೆಟ್ರೋಲ್ ಆಮೇಲೆ ಬಂದದ್ದು.

ತಮಾಷೆ ಏನಪ್ಪಾ ಅಂದ್ರೆ, ಇವತ್ತು ಹಿರಿಮಗನೇ ಬಾಡಿಗೆಗಿದ್ದಾನೆ. ಪೆಟ್ರೋಲನ್ನು ತೀರಾ ಒತ್ತಿದರೆ ಎಂಜಿನ್ ನಾಕಿಂಗ್ ಶುರು ಮಾಡತ್ತೆ. ಸಿಎನ್‌ಜಿಯ ಆಕ್ಟೇನ್ ನಮ್ಮ ಸಾಮಾನ್ಯ ಪೆಟ್ರೋಲಿಗಿಂತ ತುಂಬಾ ಜಾಸ್ತಿ, 120ಕ್ಕೂ ಹೆಚ್ಚು. ಸಿಎನ್‌ಜಿಯನ್ನು ಇನ್ನೂ ಚೆನ್ನಾಗಿ ಒತ್ತಬಹುದು. ಆದರೆ ನಮ್ಮ ಕಾರುಗಳು ಎರಡರಲ್ಲೂ ಓಡಬೇಕಲ್ಲ! ಹಾಗಾಗಿ ಕಂಪ್ರೆಷನ್ ಪೆಟ್ರೋಲ್ ತಡೆಯುವಷ್ಟಕ್ಕೇ ನಿಂತಿದೆ. ಜೊತೆಗೆ ಗ್ಯಾಸು ಸಿಲಿಂಡರಿನೊಳಗೆ ಗಾಳಿಯ ಜಾಗವನ್ನೂ ತಿನ್ನುವುದರಿಂದ ಶಕ್ತಿ ಸುಮಾರು ಹತ್ತನೇ ಒಂದು ಪಾಲು ಕಡಿಮೆ.

ನನ್ನ ಕಾರಿನ ಲೆಕ್ಕವನ್ನೇ ನೋಡಿ. ಪೆಟ್ರೋಲಿನಲ್ಲಿ ಲೀಟರಿಗೆ 17 ಕಿ.ಮೀ., ಸಿಎನ್‌ಜಿಯಲ್ಲಿ ಕೆಜಿಗೆ 24. ಭರ್ಜರಿ ಅನಿಸತ್ತೆ, ಅಲ್ವಾ? ಆದರೆ ಒಂದು ಕೆಜಿ ಸಿಎನ್‌ಜಿಯಲ್ಲಿ ಸುಮಾರು ಒಂದೂವರೆ ಲೀಟರ್ ಪೆಟ್ರೋಲಿನಷ್ಟು ಶಕ್ತಿ ಇದೆ. 24ನ್ನು ಒಂದೂವರೆಯಿಂದ ಭಾಗಿಸಿದರೆ ಸಿಗೋದು 16. ಅಂದ್ರೆ ಜೇಬಿನಲ್ಲಿ ಉಳಿಯುತ್ತಿರುವ ದುಡ್ಡು ಎಂಜಿನ್ ಉಳಿಸಿದ್ದಲ್ಲ, ಬೆಲೆಯ ವ್ಯತ್ಯಾಸ ಉಳಿಸಿದ್ದು.

ಇದಕ್ಕೆ ನಮ್ಮ ಇತಿಹಾಸವೂ ಕಾರಣ. 1998ರಲ್ಲಿ ಸುಪ್ರೀಂ ಕೋರ್ಟ್ ದೆಹಲಿಯ ಬಸ್ಸುಗಳೆಲ್ಲ 2001ರ ಮಾರ್ಚ್ 31ರೊಳಗೆ ಸಿಎನ್‌ಜಿಗೆ ಬದಲಾಗಬೇಕು ಅಂದಾಗ ಕಣ್ಣಿದ್ದದ್ದು ಹೊಗೆಯ ಮೇಲೆ, ಮೈಲೇಜಿನ ಮೇಲಲ್ಲ. ಅದು ಸರಿಯೂ ಹೌದು. ಆದರೆ ಡೀಸೆಲ್ ಎಂಜಿನ್ನನ್ನು ಸಿಎನ್‌ಜಿಗೆ ತಿರುಗಿಸುವಾಗ ಸ್ಪಾರ್ಕ್ ಪ್ಲಗ್ ಹಾಕಿ ಕಂಪ್ರೆಷನ್ ಇಳಿಸಬೇಕು. ಡೀಸೆಲಿನ ಮಿತವ್ಯಯ ಅಲ್ಲೇ ಹೋಯ್ತು. ಕಾರುಗಳ ಹಳೇ ಕಿಟ್‌ಗಳಲ್ಲಿ ಗಾಳಿಯ ಸೆಳೆತಕ್ಕೆ ಗ್ಯಾಸು ಬಂದಷ್ಟು ಬರುತ್ತಿತ್ತು. ಗ್ಯಾಸು ನಿಧಾನಕ್ಕೆ ಉರಿಯುವುದರಿಂದ ಕಿಡಿ ತುಸು ಮುಂಚೆ ಬೀಳಬೇಕು. ಟೈಮಿಂಗ್ ಮಾತ್ರ ಪೆಟ್ರೋಲಿನದ್ದೇ. ಆಮೇಲೆ ಪ್ರತಿ ಸಿಲಿಂಡರಿಗೂ ಅಳೆದು ಗ್ಯಾಸ್ ಕೊಡುವ ಇಂಜೆಕ್ಟರ್, ಅದನ್ನು ನೋಡಿಕೊಳ್ಳುವ ಕಂಪ್ಯೂಟರ್ ಬಂತು. 2010ರಲ್ಲಿ ಮಾರುತಿ ಇಂಥ ಕಾರುಗಳನ್ನು ಫ್ಯಾಕ್ಟರಿಯಿಂದಲೇ ಕೊಡತೊಡಗಿತು. ಪೋಲಾಗೋದು ಕಡಿಮೆಯಾಯ್ತು, ಕಂಪ್ರೆಷನ್ ಮಿತಿ ಮಾತ್ರ ಹಾಗೇ ಉಳೀತು.

ಬೆಂಗಳೂರಿಗೆ ದಾಭೋಲ್‌ನಿಂದ ಪೈಪ್‌ಲೈನ್ ಬಂದದ್ದು 2013ರಲ್ಲಿ. ಬಂಕ್‌ಗಳು ಕಡಿಮೆ ಇರುವ ತನಕ ಪೆಟ್ರೋಲ್ ಟ್ಯಾಂಕ್ ಬಿಟ್ಟು ಬರೀ ಗ್ಯಾಸಿನ ಕಾರು ಯಾರೂ ಕೊಳ್ಳಲ್ಲ. ಕೊಳ್ಳದೆ ಯಾರೂ ಮಾಡಲ್ಲ. ಅಲ್ಲಿಯವರೆಗೆ ನಮ್ಮ ಕೈಯಲ್ಲಿರೋದು ಚಿಕ್ಕಪುಟ್ಟದ್ದು: ಪ್ಲಗ್, ಏರ್ ಫಿಲ್ಟರ್ ಸಮಯಕ್ಕೆ ಬದಲಿಸೋದು, ಹಿಂದೆ ಸಿಲಿಂಡರ್ ಭಾರ ಇರೋದ್ರಿಂದ ಟೈರಿನ ಗಾಳಿ ನೋಡ್ಕೊಳ್ಳೋದು, ಸಿಗ್ನಲ್ ಬಿಟ್ಟ ಕೂಡಲೇ ಆಕ್ಸಿಲರೇಟರ್ ತುಳಿಯದೇ ಇರೋದು. ಬೆಲೆಯ ವ್ಯತ್ಯಾಸ ಯಾರದೋ ಕೈಯಲ್ಲಿದೆ, ನಾಳೆ ಕರಗಿದರೂ ಕರಗಬಹುದು. ಆಗ ಉಳಿಸೋದು ಎಂಜಿನ್ ಒಂದೇ.