ಅರಳು-ಮರಳೂ ಬೆಂಗಳೂರಿನ ಮಿದುಳು-ಭಂಡಾರವೂ

ಅರವತ್ತಕ್ಕೆ ಅರಳು-ಮರಳು ಎಂಬ ಗಾದೆಯನ್ನರಿಯದ ಕನ್ನಡಿಗನಿಲ್ಲ. ಆಗತಾನೇ ಉಂಡು ಉಂಡಿಲ್ಲವೆನ್ನುವ, ಹೆತ್ತ ಮಗನನ್ನೇ ನೀನಾರೆಂದು ಕೇಳುವ, ಹುಟ್ಟಿ ಬೆಳೆದ ಓಣಿಯಲ್ಲಿಯೇ ದಾರಿ ತಪ್ಪಿ ನಿಲ್ಲುವ ಹಿರಿಯರನ್ನು ಕಂಡು ಮನೆಯವರು ಈ ಗಾದೆಯನ್ನು ನೆನೆದು ಸುಮ್ಮನಾಗುವದು ವಾಡಿಕೆ. ಸುಶ್ರುತಾಚಾರ್ಯರು ಹಸಿವೆ, ನೀರಡಿಕೆ, ನಿದ್ರೆ, ಮೃತ್ಯುಗಳೊಡನೆ ಜರೆಯನ್ನೂ ಸ್ವಭಾವದಿಂದಲೇ ಬರುವ ವ್ಯಾಧಿಗಳ ಪಂಕ್ತಿಯಲ್ಲಿ ಇರಿಸಿದರು. ಧೀ, ಧೃತಿ, ಸ್ಮೃತಿಗಳ ಭ್ರಂಶವು ದುಃಖಕ್ಕೆ ಮೂಲವೆಂದು ಚರಕಸಂಹಿತೆಯು ಹೇಳುತ್ತದೆ. ಆದರೆ ಜರೆಯು ಬೇರೆ, ಜರೆಯ ವೇಷದಲ್ಲಿ ಬಂದು ಸ್ಮೃತಿಯನ್ನು ಕಬಳಿಸುವ ರೋಗವು ಬೇರೆ ಎಂಬ ವಿವೇಕವು ಕಣ್ಣಿಗೆ ಕಾಣುವ ಸಾಕ್ಷ್ಯದಿಂದ ಸಿದ್ಧವಾದದ್ದು ಈಚಿನ ನೂರಿಪ್ಪತ್ತು ವರ್ಷಗಳಲ್ಲಿ. ಆ ಸಾಕ್ಷ್ಯವನ್ನು ನಮ್ಮ ಜನರಲ್ಲಿಯೇ ಹುಡುಕುವ ಸಾಧನವೊಂದು ಕನ್ನಡ ನಾಡಿನಲ್ಲಿ ನಿರ್ಮಾಣವಾದ ವೃತ್ತಾಂತವು ವಾಚಕರು ಅರಿಯತಕ್ಕದ್ದಾಗಿದೆ.

ಮೊದಲ ಸಾಕ್ಷ್ಯವು ದೊರೆತದ್ದು ಜರ್ಮನಿಯಲ್ಲಿ. 1901ನೆಯ ಇಸ್ವಿಯ ನವೆಂಬರದಲ್ಲಿ ಫ್ರಾಂಕ್‌ಫರ್ಟ್ ನಗರದ ಮನೋರೋಗಿಗಳ ಆಸ್ಪತ್ರೆಗೆ ಆಗುಸ್ಟೆ ಡೇಟರ್ ಎಂಬ 51 ವರ್ಷದ ಹೆಂಗಸನ್ನು ಕರೆತಂದರು. ಆಕೆಗೆ ಪತಿಯ ಮೇಲೆ ಕಾರಣವಿಲ್ಲದ ಸಂಶಯ; ಕಣ್ಣೆದುರಿಗಿನ ವಸ್ತುವಿನ ನೆನಪೂ ಕ್ಷಣದಲ್ಲಿ ಅಳಿಯುತ್ತಿದ್ದಿತು. ಅಲ್ಲಿಯ ವೈದ್ಯರಾದ ಆಲೋಯ್ಸ್ ಆಲ್ಝೈಮರರು ಆಕೆಯ ಮಾತುಗಳನ್ನು ಬರೆದಿಟ್ಟರು. 1906ರ ಏಪ್ರಿಲದಲ್ಲಿ ಆಕೆ ತೀರಿಕೊಂಡಾಗ ಅವರು ಮ್ಯೂನಿಕ್ ನಗರದಲ್ಲಿದ್ದರು. ಆಕೆಯ ಮಿದುಳನ್ನು ಅಲ್ಲಿಗೆ ತರಿಸಿಕೊಂಡು, ತೆಳುವಾಗಿ ಸೀಳಿ, ಬೆಳ್ಳಿಯ ಲವಣದಿಂದ ಬಣ್ಣಗಟ್ಟಿ ಸೂಕ್ಷ್ಮದರ್ಶಕದಲ್ಲಿ ನೋಡಿದರು. ಜೀವಕೋಶಗಳ ಹೊರಗೆ ಕಿಟ್ಟದಂತೆ ಕೂಡಿಬಿದ್ದ ಚಿಕ್ಕ ಚಿಕ್ಕ ಉಂಡೆಗಳೂ, ಒಳಗೆ ಸಿಕ್ಕುಗೊಂಡ ನೂಲಿನಂಥ ಎಳೆಗಳೂ ಕಂಡವು. ಅದೇ ವರ್ಷದ ನವೆಂಬರದಲ್ಲಿ ಟ್ಯೂಬಿಂಗನ್ ಊರಿನ ವೈದ್ಯಸಭೆಯಲ್ಲಿ ಅವರು ಇದನ್ನು ನಿವೇದಿಸಿದರು. 1910ರಲ್ಲಿ ಕ್ರೇಪೆಲಿನ್ನರು ತಮ್ಮ ಗ್ರಂಥದಲ್ಲಿ ಈ ರೋಗಕ್ಕೆ ಆಲ್ಝೈಮರರ ಹೆಸರನ್ನಿಟ್ಟರು. ಆದರೂ ಅದು ನಡುವಯಸ್ಸಿನವರ ಅಪೂರ್ವ ರೋಗವೆಂದೇ ಬಹುಕಾಲ ಎಣಿಸಲ್ಪಟ್ಟಿತು. ಇಂಗ್ಲೆಂಡದ ನ್ಯೂಕ್ಯಾಸಲ್ಲಿನಲ್ಲಿ ಬ್ಲೆಸೆಡ್, ಟಾಮ್ಲಿನ್ಸನ್, ರಾತ್ ಎಂಬ ಮೂವರು 1968ರಲ್ಲಿ ಮುದಿ ವಯಸ್ಸಿನ ಮರವೆಗಾರರ ಮಿದುಳಿನಲ್ಲಿಯೂ ಇದೇ ಉಂಡೆಗಳು ಇರುವದನ್ನು ಎಣಿಸಿ ತೋರಿಸಿದ ಬಳಿಕವೇ ಅರಳು-ಮರಳಿನ ಬಹುಭಾಗವು ರೋಗವೆಂದು ವಿದ್ವಾಂಸರಿಗೆ ಮನವರಿಕೆಯಾಯಿತು.

ಉಂಡೆಯ ದ್ರವ್ಯ ಯಾವದು, ಎಳೆಯ ದ್ರವ್ಯ ಯಾವದು ಎಂಬುದು ಮುಂದಿನ ಪ್ರಶ್ನೆ. 1984ರಲ್ಲಿ ಅಮೇರಿಕೆಯ ಗ್ಲೆನ್ನರ್ ಮತ್ತು ವಾಂಗ್ ಎಂಬವರು ರೋಗಿಗಳ ಮಿದುಳಿನ ರಕ್ತನಾಳಗಳಿಂದ ಅಮಿಲಾಯ್ಡ್ ಎಂಬ ದ್ರವ್ಯವನ್ನು ಬೇರ್ಪಡಿಸಿದರು. ಮರುವರ್ಷವೇ ಉಂಡೆಗಳಲ್ಲಿಯೂ ಅದೇ ಇರುವದು ತಿಳಿಯಿತು. ಸಿಕ್ಕುಗೊಂಡ ಎಳೆಯು ಟೌ ಎಂಬ ಪ್ರೋಟೀನಿನದೆಂಬುದು 1986ರ ಸುಮಾರಿಗೆ ಗೊತ್ತಾಯಿತು. ಅಮಿಲಾಯ್ಡಿಗೆ ಮೂಲವಾದ ವಂಶವಾಹಿಯು 21ನೆಯ ವರ್ಣತಂತುವಿನಲ್ಲಿದೆ. 1991ರಲ್ಲಿ ಅದರೊಳಗಿನ ಒಂದು ಅಕ್ಷರದೋಷವೇ ಒಂದು ಮನೆತನದಲ್ಲಿ ಪೀಳಿಗೆಯಿಂದ ಪೀಳಿಗೆಗೆ ರೋಗವನ್ನು ತರುವದೆಂದು ಲಂಡನ್ನಿನಲ್ಲಿ ಕಂಡುಹಿಡಿದರು. 1995ರಲ್ಲಿ ಪ್ರೆಸಿನಿಲಿನ್ ಎಂಬ ಇನ್ನೆರಡು ವಂಶವಾಹಿಗಳು ಬೆಳಕಿಗೆ ಬಂದವು. ಇಂಥ ದೋಷವುಳ್ಳ ತಂದೆಯ ಇಲ್ಲವೆ ತಾಯಿಯ ಪ್ರತಿಯೊಂದು ಮಗುವಿಗೂ ಅದು ಬರುವ ಸಂಭವ ಅರ್ಧಕ್ಕೆ ಅರ್ಧ. ಆದರೆ ಇಂಥ ಮನೆತನಗಳು ಅತಿ ವಿರಳ. 1993ರಲ್ಲಿ ತಿಳಿದುಬಂದ ಅಪೋ-ಇ ನಾಲ್ಕು ಎಂಬ ವಂಶವಾಹಿ-ಭೇದವಾದರೋ ಸಾಮಾನ್ಯ ಜನರಲ್ಲಿಯೂ ಇದ್ದು, ರೋಗದ ಸಂಭವವನ್ನು ಹೆಚ್ಚಿಸುತ್ತದೆ. ಆದರೆ ಹಣೆಬರಹದಂತೆ ನಿಶ್ಚಯಿಸುವದಿಲ್ಲ.

ಈ ಜ್ಞಾನವೆಲ್ಲವೂ ಬಹುಮಟ್ಟಿಗೆ ಯುರೋಪ-ಅಮೇರಿಕೆಗಳ ಜನರ ದೇಹದಿಂದ ದೊರೆತದ್ದು. ಅದು ನಮ್ಮವರಿಗೂ ಹಾಗೆಯೇ ಅನ್ವಯಿಸುವದೆಂದು ಹೇಳಲು ಪ್ರಮಾಣವೇನು? ಹರಿಯಾಣದ ಬಲ್ಲಭಗಡದ ಹಳ್ಳಿಗಳಲ್ಲಿ ಪರೀಕ್ಷಿಸಿದಾಗ ಆ ಅಪೋ-ಇ ನಾಲ್ಕರ ಪ್ರಮಾಣವು ನೂರಕ್ಕೆ 7 ಮಾತ್ರ ಇದ್ದಿತು. ಹೋಲಿಕೆಗೆಂದು ತೆಗೆದುಕೊಂಡ ಅಮೇರಿಕೆಯ ಪ್ರಾಂತದಲ್ಲಿ ಅದು ನೂರಕ್ಕೆ 11. ಪರರ ಕನ್ನಡಿಯಲ್ಲಿ ತನ್ನ ಮುಖವು ಕಾಣಲಾರದು. ನಮ್ಮ ಜನರ ಮಿದುಳನ್ನೇ ನೋಡದ ಹೊರತು ನಮ್ಮ ಮರವೆಯ ಸ್ವರೂಪವು ತಿಳಿಯುವಂತಿರಲಿಲ್ಲ.

ಈ ಕೊರತೆಯನ್ನು ನೀಗಿಸಲು ಮುಂದೆ ಬಂದವರು ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ನರರೋಗಶಾಸ್ತ್ರಜ್ಞರಾದ ಡಾ. ಎಸ್. ಕೆ. ಶಂಕರರು. ಹಳೆಯ ಮಾನಸಿಕ ಆಸ್ಪತ್ರೆಯೂ 1954ರಲ್ಲಿ ಸ್ಥಾಪಿತವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯೂ ಕೂಡಿ 1974ರಲ್ಲಿ ಆ ಸಂಸ್ಥೆಯು ರೂಪುಗೊಂಡಿದ್ದಿತು. ಅಲ್ಲಿ 1995ರಲ್ಲಿ ಅವರು ಭಾರತದ ಮೊದಲನೆಯ ಮಿದುಳು-ಭಂಡಾರವನ್ನು ಸ್ಥಾಪಿಸಿದರು. ಮರಣೋತ್ತರ ಪರೀಕ್ಷೆಯ ಹೊತ್ತಿನಲ್ಲಿ ಬಂಧುಗಳ ಒಪ್ಪಿಗೆಯಿಂದ ಮಿದುಳನ್ನು ಪಡೆದು, ಒಂದು ಭಾಗವನ್ನು ಆಕಾರವು ಕೆಡದಂತೆ ಫಾರ್ಮಲಿನ್ನಿನಲ್ಲಿಯೂ, ಇನ್ನೊಂದನ್ನು ರಾಸಾಯನಿಕ ಗುಣಗಳೂ ವಂಶವಾಹಿಗಳೂ ಅಳಿಯದಂತೆ ಅತಿಶೈತ್ಯದಲ್ಲಿಯೂ ಇರಿಸುವದು ಭಂಡಾರದ ಕ್ರಮ. ಸತ್ತ ಬಳಿಕ ಕೆಲವು ತಾಸುಗಳಲ್ಲಿಯೇ ಈ ಕಾರ್ಯವು ಆಗತಕ್ಕದ್ದು.

ಇಲ್ಲಿ ಒಂದು ಸಂಗತಿಯು ವಿಚಾರಾರ್ಹವಾಗಿದೆ. ರೋಗಿಯ ಮಿದುಳೊಂದೇ ಇದ್ದರೆ ರೋಗವು ತಿಳಿಯದು. ಪಕ್ಕದಲ್ಲಿ ನಿರೋಗಿಯ ಮಿದುಳೂ ಇರಬೇಕು. ಹೊಲದಲ್ಲಿ ಒಳ್ಳೆಯ ತೆನೆಯನ್ನು ಕಾಣದವನು ಕಾಡಿಗೆ ಹತ್ತಿದ ತೆನೆಯನ್ನು ಹೇಗೆ ಗುರುತಿಸಿಯಾನು? ಇಂಥ ನಿರೋಗಿಗಳ ಮಿದುಳುಗಳು ಭಂಡಾರಕ್ಕೆ ಬಂದದ್ದು ಬಹುತರವಾಗಿ ರಸ್ತೆಯ ಅಪಘಾತಗಳಲ್ಲಿ ಮಡಿದವರಿಂದ. ಮುಂಜಾನೆ ನಗುತ್ತ ಮನೆ ಬಿಟ್ಟವನು ಸಂಜೆಗೆ ಶವವಾದನೆಂದು ಕೇಳಿ ಓಡಿಬಂದ ಬಂಧುಗಳು ಆ ದುಃಖದ ನಡುವೆಯೇ ಒಪ್ಪಿಗೆಯ ಮಾತನ್ನಾಡಬೇಕು. ಅಂಗವಿಕಲವಾಗದ ದೇಹಕ್ಕೇ ಸಂಸ್ಕಾರವಾಗಬೇಕೆಂಬ ಭಾವನೆಯು ಬಲವಾಗಿರುವ ಸಮಾಜದಲ್ಲಿ ಆ ಒಪ್ಪಿಗೆಯು ಸಣ್ಣ ದಾನವಲ್ಲ. ದಧೀಚಿಯು ತನ್ನ ಎಲುಬನ್ನು ತಾನೇ ಕೊಟ್ಟನು. ಇಲ್ಲಿ ಅಳುತ್ತಿರುವವರು ತಮ್ಮವರದನ್ನು ಕೊಡುತ್ತಾರೆ. 1997ರಲ್ಲಿ ಶಂಕರರೂ ಅವರ ಸಹಕಾರಿಗಳೂ ನಿರೋಗಿ ಮಿದುಳಿನಲ್ಲಿ ವಯಸ್ಸಿನಿಂದಾಗುವ ಮಾರ್ಪಾಡುಗಳನ್ನು ಪರಿಶೀಲಿಸಿ ಬರೆದ ಪ್ರಬಂಧಕ್ಕೆ ಇಂಥ ದಾನವೇ ತಳಹದಿ. ಗಾದೆಯು ಒಂದೇ ಮಾತಿನಲ್ಲಿ ಕಟ್ಟಿಹಾಕಿದ ಮುಪ್ಪನ್ನೂ ರೋಗವನ್ನೂ ಬಿಡಿಸುವ ಯತ್ನವದು.

ಭಂಡಾರಕ್ಕಿಂತ ಮೊದಲೇ, 1989ರಲ್ಲಿ, ಔಷಧಾದಿಗಳನ್ನು ಮಿದುಳು ತಾನೇ ಪಚನ ಮಾಡುವ ಬಗೆಯನ್ನು ಕುರಿತು ಶಂಕರರೊಡನೆ ಪ್ರಬಂಧ ಬರೆದವರಲ್ಲಿ ಡಾ. ವಿಜಯಲಕ್ಷ್ಮೀ ರವೀಂದ್ರನಾಥರೂ ಒಬ್ಬರು. ಮೈಸೂರು ವಿಶ್ವವಿದ್ಯಾಲಯದ ಡಾಕ್ಟರ್ ಪದವಿಯನ್ನು ಪಡೆದ ಈ ವಿದುಷಿಯು ಮುಂದೆ ಬೆಂಗಳೂರಿನ ಮಿದುಳು ಸಂಶೋಧನ ಕೇಂದ್ರಕ್ಕೆ ಮೊದಲ ನಿರ್ದೇಶಕರಾದರು. ಆ ಕೇಂದ್ರವು 2018ರಲ್ಲಿ ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ 45 ವರ್ಷ ದಾಟಿದ ಹತ್ತು ಸಾವಿರ ಜನರನ್ನು ವರ್ಷಗಟ್ಟಲೆ ಪರೀಕ್ಷಿಸುತ್ತ ಹೋಗುವ ಕಾರ್ಯಕ್ಕೆ ತೊಡಗಿತು. ಮಿದುಳು-ಭಂಡಾರವು ರೋಗದ ಕೊನೆಯನ್ನು ತೋರಿಸಿದರೆ, ಈ ಹಳ್ಳಿಗಳು ಅದರ ಆರಂಭವನ್ನು ತೋರಿಸಬಲ್ಲವು. 2016ರಿಂದ ನಿಮ್ಹಾನ್ಸ್ ಸಂಸ್ಥೆಯು ಇತರ ಎರಡು ಸಂಸ್ಥೆಗಳೊಡನೆ, ಒಂದೇ ಮನೆತನದಲ್ಲಿ ಹಲವರಿಗೆ ಮರವೆಯ ರೋಗ ಬಂದ ಕುಟುಂಬಗಳ ರಕ್ತಕಣಗಳಿಂದ ನರಕೋಶಗಳನ್ನು ಬೆಳೆಸಿ ನೋಡುವ ಶೋಧವನ್ನೂ ಕೈಕೊಂಡಿತು.

ವಂಶವಾಹಿಯೇ ಸರ್ವಸ್ವವಲ್ಲವೆಂಬುದಕ್ಕೆ ಇನ್ನೊಂದು ಪ್ರಮಾಣವುಂಟು. ಡಾ. ಸುವರ್ಣಾ ಅಲ್ಲಾಡಿಯವರು ಹೈದರಾಬಾದದಲ್ಲಿ 648 ರೋಗಿಗಳನ್ನು ಪರೀಕ್ಷಿಸಿ, ಎರಡು ಇಲ್ಲವೆ ಹೆಚ್ಚು ಭಾಷೆಗಳನ್ನು ಆಡುವವರಲ್ಲಿ ಮರವೆಯು ಸುಮಾರು ನಾಲ್ಕೂವರೆ ವರ್ಷ ತಡವಾಗಿ ತಲೆದೋರುವದೆಂದು 2013ರಲ್ಲಿ ಪ್ರಕಟಿಸಿದರು. ಓದು ಬಾರದವರಲ್ಲಿಯೂ ಈ ಅಂತರವು ಕಂಡಿತು. ಹಿಂದೆ ಜಮಖಂಡಿ ಸಂಸ್ಥಾನಕ್ಕೆ ಸೇರಿದ್ದ ಕುಂದಗೋಳದಂಥ ಊರುಗಳಲ್ಲಿ ಕನ್ನಡದ ಜೊತೆಗೆ ಮರಾಠಿಯನ್ನೂ ಬಲ್ಲ ಹಿರಿಯರು ವಿರಳರಲ್ಲವಾದ ಕಾರಣ ಈ ಮಾತು ಇಲ್ಲಿಯವರಿಗೆ ಗಮನಾರ್ಹವಾದುದು.

2023ರಲ್ಲಿ ಪ್ರಕಟವಾದ ಗಣನೆಯ ಪ್ರಕಾರ ಭಾರತದಲ್ಲಿ ಅರವತ್ತು ದಾಟಿದವರೊಳಗೆ ನೂರಕ್ಕೆ 7.4ರಷ್ಟು, ಅಂದರೆ ಸುಮಾರು 88 ಲಕ್ಷ ಜನರು ಬುದ್ಧಿಭ್ರಂಶಕ್ಕೆ ಈಡಾಗಿದ್ದಾರೆ. ನಗರಕ್ಕಿಂತ ಹಳ್ಳಿಗಳಲ್ಲಿ ಅದು ಹೆಚ್ಚು. ಎಂದ ಮೇಲೆ ಅರವತ್ತು ದಾಟಿದ ನೂರರಲ್ಲಿ ತೊಂಬತ್ತೆರಡಕ್ಕಿಂತ ಹೆಚ್ಚು ಮಂದಿಗೆ ಅದಿಲ್ಲ. ಗಾದೆಯು ಅವರ ಪಾಲಿಗೆ ಸುಳ್ಳು. ಉಳಿದವರ ಪಾಲಿಗೆ ಅದು ಕ್ರೂರವೂ ಹೌದು. ಮರವೆಗಳಲ್ಲಿ ಕೆಲವು ಥೈರಾಯ್ಡ್ ಗ್ರಂಥಿಯ ದೋಷದಿಂದಲೋ ಬಿ-12 ಜೀವಸತ್ವದ ಕೊರತೆಯಿಂದಲೋ ಮನಸ್ಸಿನ ಖಿನ್ನತೆಯಿಂದಲೋ ಬಂದು ಚಿಕಿತ್ಸೆಗೆ ಬಗ್ಗತಕ್ಕವಾಗಿರುತ್ತವೆ. ವಯಸ್ಸಾಯಿತೆಂದು ಕೈಬಿಟ್ಟರೆ ಅವೂ ಗುಣವಾಗದೆ ಉಳಿಯುತ್ತವೆ. ಆಲ್ಝೈಮರರ ರೋಗವನ್ನು ಬೇರುಸಹಿತ ಕೀಳುವ ಮದ್ದು ಇನ್ನೂ ದೊರೆತಿಲ್ಲ. ಆದರೆ ಮಗನ ಗುರುತು ಹತ್ತದ ತಾಯಿಯು ಹಟದಿಂದ ಹಾಗೆ ಮಾಡುತ್ತಿಲ್ಲ, ಆಕೆಯ ಮಿದುಳಿನಲ್ಲಿ ಎಳೆಗಳು ಸಿಕ್ಕುಗೊಂಡಿವೆ ಎಂದು ತಿಳಿದ ಮನೆಯಲ್ಲಿ ಆಕೆಯ ಮೇಲೆ ಗದರುವ ದನಿಯು ತಗ್ಗುತ್ತದೆ. ಅಷ್ಟು ತಿಳಿವಳಿಕೆಯನ್ನು ಗಳಿಸಿಕೊಟ್ಟವರಲ್ಲಿ ವಿದ್ವಾಂಸರ ಹೆಸರುಗಳು ಗ್ರಂಥಗಳಲ್ಲಿ ಉಳಿದಿವೆ. ತಮ್ಮವರ ಮಿದುಳನ್ನು ಬಿಟ್ಟುಕೊಟ್ಟು ಊರಿಗೆ ಮರಳಿದವರ ಹೆಸರುಗಳು ಎಲ್ಲಿಯೂ ಬರೆದಿಲ್ಲ.